ಕಿಣ್ವ ಮತ್ತು ಉದ್ಯಮ: ತರುಣಿಯರಿಗೊಂದು ಮಾದರಿ

ಸಂಸ್ಕೃತದಲ್ಲಿ ‘ಕಿಣ್ವ’ವೆಂಬ ಹಳೆಯ ಶಬ್ದವೊಂದುಂಟು. ಮದ್ಯ ತಯಾರಿಕೆಯಲ್ಲಿ ಹುದುಗು ಬರಿಸುವ ದ್ರವ್ಯವೆಂಬುದು ಅದರ ಮೂಲಾರ್ಥ. ಇಂದಿನ ವಿಜ್ಞಾನ ಗ್ರಂಥಗಳು ಅದೇ ಶಬ್ದವನ್ನು ‘ಎನ್‌ಜೈಮ್’ ಎಂಬ ಅರ್ಥದಲ್ಲಿ ಪ್ರಯೋಗಿಸುತ್ತವೆ. ಜೀವಕೋಶಗಳಲ್ಲಿ ಹುಟ್ಟಿ, ತಾನು ವ್ಯಯವಾಗದೆ, ಇತರ ದ್ರವ್ಯಗಳ ಮಾರ್ಪಾಟನ್ನು ತ್ವರೆಗೊಳಿಸುವ ಪದಾರ್ಥವೇ ಕಿಣ್ವ. ಈ ಶಬ್ದವು ಹಳೆಯ ಅರ್ಥದಿಂದ ಹೊಸ ಅರ್ಥಕ್ಕೆ ನಡೆದ ದಾರಿಯಲ್ಲಿಯೇ ಕರ್ನಾಟಕದ ಮಹಿಳೆಯೊಬ್ಬರ ಬಾಳೂ ನಡೆದುದು ಸೋಜಿಗ. ಅವರೇ ಬೆಂಗಳೂರಿನ ಶ್ರೀಮತಿ ಕಿರಣ್ ಮಜುಂದಾರ್ ಶಾ.

1953ರಲ್ಲಿ ಜನಿಸಿದ ಇವರಿಗೆ ವೈದ್ಯೆಯಾಗುವ ಬಯಕೆಯಿತ್ತು, ಅದು ಕೈಗೂಡಲಿಲ್ಲ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದ ಪದವಿ ಪಡೆದರು. ತಂದೆಯವರು ಬಿಯರ್ ತಯಾರಿಕೆಯ ತಜ್ಞರು. ಅವರ ಸಲಹೆಯಂತೆ ಆಸ್ಟ್ರೇಲಿಯಾದ ಬ್ಯಾಲರಾಟ್‌ಗೆ ತೆರಳಿ, ತರಗತಿಗೊಬ್ಬಳೇ ಮಹಿಳೆಯಾಗಿ ಹುದುಗುವಿಕೆಯ ಶಾಸ್ತ್ರವನ್ನು ಕಲಿತರು. ಮದ್ಯಪಾನವನ್ನು ನಾವು ಶ್ಲಾಘಿಸಬೇಕಾಗಿಲ್ಲ. ಆದರೆ ನಮ್ಮ ಮನೆಗಳ ದೋಸೆಯ ಹಿಟ್ಟು ಹುಳಿಯುವುದೂ ಅದೇ ಶಾಸ್ತ್ರದ ಸೂತ್ರದಿಂದ. ಸ್ವದೇಶಕ್ಕೆ ಮರಳಿದಾಗ, ಹೆಣ್ಣೆಂಬ ಕಾರಣದಿಂದ ಆ ವೃತ್ತಿಯ ಮುಖ್ಯ ಹುದ್ದೆ ಅವರಿಗೆ ದೊರೆಯಲಿಲ್ಲ.

ಬಾಗಿಲು ಮುಚ್ಚಿತೆಂದು ಅವರು ವಿದ್ಯೆಯನ್ನು ತೊರೆಯಲಿಲ್ಲ. ಅದನ್ನು ಬೇರೊಂದು ಬಾಗಿಲಿಗೆ ಕೊಂಡೊಯ್ದರು. 1978ರಲ್ಲಿ ಐರ್ಲೆಂಡಿನ ಸಂಸ್ಥೆಯೊಂದರ ಸಹಯೋಗದಿಂದ, ಬಾಡಿಗೆ ಮನೆಯ ಕಾರು ಕೊಟ್ಟಿಗೆಯಲ್ಲಿ, 10,000 ರೂಪಾಯಿಗಳ ಮೂಲಧನದೊಡನೆ ‘ಬಯೋಕಾನ್ ಇಂಡಿಯಾ’ವನ್ನು ಸ್ಥಾಪಿಸಿದರು. ಆಗ ಅವರ ವಯಸ್ಸು 25. ಬ್ಯಾಂಕುಗಳು ಸಾಲ ಕೊಡಲು ಹಿಂದೆಗೆದವು. ಮೊದಮೊದಲು ಅಲ್ಲಿ ಸಿದ್ಧವಾದ ವಸ್ತುಗಳಲ್ಲೊಂದು, ಪಪ್ಪಾಯಿಯ ಕಾಯಿಹಾಲಿನಿಂದ ತೆಗೆಯುವ ‘ಪಪೈನ್’ ಎಂಬ ಕಿಣ್ವ. ಕಿಣ್ವಗಳಿಂದ ಮೊದಲಾದ ಆ ಸಂಸ್ಥೆ ಮುಂದೆ ಇನ್ಸುಲಿನ್ ಮೊದಲಾದ ಔಷಧಗಳ ತಯಾರಿಕೆಗೆ ಬೆಳೆಯಿತು. ಅವರಿಗೆ 1989ರಲ್ಲಿ ಪದ್ಮಶ್ರೀ, 2005ರಲ್ಲಿ ಪದ್ಮಭೂಷಣ ಗೌರವಗಳು ಸಂದವು.

ಪಪ್ಪಾಯಿಯ ಗಿಡ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿತ್ತಿಲುಗಳಲ್ಲಿಯೂ ಉಂಟು. ವಸ್ತು ಎಲ್ಲರಲ್ಲಿಯೂ ಇದ್ದು, ಅದರ ಗುಣವನ್ನೂ ಬೆಲೆಯನ್ನೂ ಅರಿತವರು ಕೆಲವರು ಮಾತ್ರ ಎಂಬುದೇ ಇಲ್ಲಿಯ ಪಾಠ. ಈ ಮೂರು ತಾಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಿಂದ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 1923ರಲ್ಲಿ ಸ್ಥಾಪಿತವಾದ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ಬೆಳೆಗಾರನ ಅಡಿಕೆಗೆ ನ್ಯಾಯವಾದ ಪೇಟೆಯನ್ನು ಕಲ್ಪಿಸಿತು. ಆದರೆ ಸುಗ್ಗಿಯಲ್ಲಿ ರಾತ್ರಿಯವರೆಗೆ ಕುಳಿತು ಅಡಿಕೆ ಸುಲಿಯುವ, ಒಣಗಿದುದನ್ನು ಚಾಲಿ, ಬೆಟ್ಟೆ, ರಾಶಿ, ಕೆಂಪುಗೋಟುಗಳೆಂದು ಆರಿಸುವ ಗೃಹಿಣಿಯ ಹೆಸರು ಎಷ್ಟು ಮನೆಗಳ ಲೆಕ್ಕದ ಪುಸ್ತಕದಲ್ಲಿದೆ? ಅಪ್ಪೆಮಿಡಿಯ ಉಪ್ಪಿನಕಾಯಿ, ಹಲಸಿನ ಹಪ್ಪಳಗಳನ್ನು ಮಾಡುವ ಆಕೆಯ ಕೈಗುಣವನ್ನು ನೆಂಟರೆಲ್ಲ ಹೊಗಳುತ್ತಾರೆ. ಬೆಲೆ ಕಟ್ಟಿದವರು ವಿರಳ.

ಆದುದರಿಂದ ವಿದ್ಯಾರ್ಥಿನಿಯರು ನಾಲ್ಕು ಮಾತುಗಳನ್ನು ಮನನ ಮಾಡತಕ್ಕದ್ದು. ಮೊದಲನೆಯದು, ತಾಯಿಯ ಕೈಕಸುಬನ್ನು ಕಲಿತು, ಅದರ ಹಿಂದಿನ ವಿಜ್ಞಾನವನ್ನು ಶಾಲೆಯಲ್ಲಿ ಅರಿಯುವುದು. ಉಪ್ಪು ಕಡಿಮೆಯಾದರೆ ಮಿಡಿ ಏಕೆ ಕೆಡುವುದೆಂದು ಬಲ್ಲವಳೇ ವರ್ಷವಿಡೀ ಒಂದೇ ರುಚಿಯನ್ನು ಕೊಡಬಲ್ಲಳು. ಎರಡನೆಯದು, ಲೆಕ್ಕ. ಉಪ್ಪು, ಮೆಣಸು, ಕಟ್ಟಿಗೆಗಳ ಜೊತೆಗೆ ತನ್ನ ದುಡಿಮೆಯ ಹೊತ್ತಿಗೂ ಬೆಲೆ ಹಿಡಿಯದ ವ್ಯಾಪಾರ ಲಾಭವೆಂದು ತೋರಿದರೂ ನಷ್ಟವೇ. ಮೂರನೆಯದು, ತನ್ನ ಹೆಸರಿನಲ್ಲಿ ಬ್ಯಾಂಕಿನ ಖಾತೆ ಮತ್ತು ನಿಯಮದಂತೆ ನೋಂದಣಿ. ನಾಲ್ಕನೆಯದು, ಒಬ್ಬಳಿಂದಾಗದುದನ್ನು ಹತ್ತು ಮಂದಿ ಕೂಡಿ ಸಾಧಿಸುವುದು. ನಮ್ಮ ಸೀಮೆಗೆ ಸಹಕಾರ ಹೊಸದಲ್ಲ.

ಪದವಿ ಪಡೆದವರೆಲ್ಲ ನಗರಕ್ಕೆ ಹೋಗಲೇಬೇಕೆಂಬ ನಿಯಮವಿಲ್ಲ. ಹೋಗಬಾರದೆಂಬ ನಿಷೇಧವೂ ಇಲ್ಲ. ಹೋಗುವುದಾದರೂ ಉಳಿಯುವುದಾದರೂ ಅದು ಅವಳ ಆಯ್ಕೆಯಾಗಬೇಕು. ಹಿಟ್ಟಿನಲ್ಲಿ ಕಿಣ್ವ ಕಣ್ಣಿಗೆ ಕಾಣದು, ಆದರೆ ಅದಿಲ್ಲದೆ ಹಿಟ್ಟು ಹುದುಗದು. ಮನೆಯಲ್ಲಿ ಹೆಣ್ಣಿನ ದುಡಿಮೆಯೂ ಇದುವರೆಗೆ ಹಾಗೆಯೇ ಇದೆ. ಇನ್ನು ಮುಂದೆ ಅದು ಕಣ್ಣಿಗೂ ಕಾಣಲಿ, ಲೆಕ್ಕಕ್ಕೂ ಬರಲಿ.