ನೀರು ಬಂದರೂ, ಬಾರದಿದ್ದರೂ

ದಿನಚರಿಯನ್ನು ಗೊತ್ತುಮಾಡಿಕೊಂಡು ಅದರಂತೆ ನಡೆಯಬೇಕೆಂಬ ಉಪದೇಶವನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದವರೇ. ಆದರೆ ವಿಘ್ನವು ಬರುವ ಸಂಭವವು ಹೆಚ್ಚಾಗಿದ್ದು, ಬರುವ ದಿನ ಮಾತ್ರ ತಿಳಿಯದಿರುವಾಗ ಗೃಹಸ್ಥನು ತನ್ನ ಹೊತ್ತನ್ನು ಹೇಗೆ ಹಂಚಿಕೊಳ್ಳತಕ್ಕದ್ದು? ಇದಕ್ಕೆ ಉತ್ತರವನ್ನು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಗದ್ದೆಯ ಬದುವಿನ ಮೇಲೆ ಹುಡುಕುವುದು ಲೇಸೆಂದು ನಮಗೆ ತೋರುತ್ತದೆ.

ಕನ್ನಂಬಾಡಿಯ ಕಟ್ಟೆಯಲ್ಲಿ ನೀರು 124.80 ಅಡಿಗೆ ನಿಂತ ವರ್ಷ ವಿಶ್ವೇಶ್ವರಯ್ಯ ನಾಲೆಯ ರೈತನಿಗೆ ಚಿಂತೆ ಕಡಮೆ. ಮುಂಗಾರು ಕೈಕೊಟ್ಟ ವರ್ಷವಾದರೋ, ನೀರನ್ನು ಕಟ್ಟು ಪದ್ಧತಿಯಲ್ಲಿ, ಎಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಕೊಡುತ್ತಾರೆ. ನಾಲೆಯ ತಲೆಯಲ್ಲಿರುವವನಿಗೆ ಅದು ಮೊದಲು ಸಿಕ್ಕುತ್ತದೆ. ಮದ್ದೂರು, ಮಳವಳ್ಳಿಗಳ ಕೊನೆಯ ಭಾಗದವನಿಗೆ ತಡವಾಗಿ. ಒಮ್ಮೊಮ್ಮೆ ಅವನಲ್ಲಿಗೆ ಮುಟ್ಟುವ ಮುನ್ನವೇ ತೂಬು ಮುಚ್ಚಿರುತ್ತದೆ.

ಭತ್ತದ ಸಸಿಯಾದರೋ ಯಾರಿಗಾಗಿಯೂ ಕಾಯದು. ಒಟ್ಲು ಹಾಕಿದ ಮೂರು ನಾಲ್ಕು ವಾರಗಳೊಳಗೆ ಕಿತ್ತು ನೆಡದಿದ್ದರೆ ಅದು ಬಲಿತು, ತೆಂಡೆಯೊಡೆಯುವ ಶಕ್ತಿ ಕುಂದಿ, ಇಳುವರಿ ಇಳಿಯುತ್ತದೆ. ಆದಕಾರಣ ಅನುಭವಸ್ಥನು ಬೀಜವನ್ನೆಲ್ಲ ಒಂದೇ ದಿನ ಚೆಲ್ಲುವುದಿಲ್ಲ. ವಾರದ ಅಂತರದಲ್ಲಿ ಎರಡು ಮೂರು ಸಲ ಚೆಲ್ಲುತ್ತಾನೆ. ದೀರ್ಘಾವಧಿಯ ತಳಿಗೆ ಹೊತ್ತು ಮೀರಿತೆಂದರೆ ಅಲ್ಪಾವಧಿಯ ತಳಿ. ಅದಕ್ಕೂ ನೀರು ಸಾಲದೆಂದರೆ ರಾಗಿ. ನೀರು ನಿಂತ ದಿನಗಳಲ್ಲಿ ಬದು ಕೆತ್ತುವುದು, ಕಾಲುವೆಯ ಹೂಳೆತ್ತುವುದು, ಗೊಬ್ಬರ ಸಾಗಿಸುವುದು. ನೀರು ಬಂತೆಂದರೆ, ನಡುರಾತ್ರಿಯಾದರೂ ಸರಿ, ಗುದ್ದಲಿ ಹೆಗಲಿಗೆ. ಅವನು ನೀರಿನ ದಿನವನ್ನು ಊಹಿಸುತ್ತ ಕೂಡುವುದಿಲ್ಲ. ಬಂದರೊಂದು, ಬಾರದಿದ್ದರೊಂದು ಎಂದು ಕೆಲಸಗಳನ್ನು ಮೊದಲೇ ವಿಂಗಡಿಸಿಟ್ಟಿರುತ್ತಾನೆ.

ಈ ವಿಂಗಡಣೆಯನ್ನು ನಾವು ಪೆಟ್ಟು ತಿಂದ ಮೇಲೆ ಕಲಿತೆವು. 2023ರ ಸೆಪ್ಟೆಂಬರಿನಲ್ಲಿ ಕಾವೇರಿಯ ವಿಷಯವಾಗಿ 23ರಂದು ಮಂಡ್ಯದಲ್ಲಿ, 26ರಂದು ಬೆಂಗಳೂರಿನಲ್ಲಿ, 29ರಂದು ರಾಜ್ಯದಲ್ಲೆಲ್ಲ ಬಂದ್ ನಡೆಯಿತು. ಗಲಭೆಯ ಸೂಚನೆ ತಿಂಗಳ ಮೊದಲಿಗೇ ಎಲ್ಲರಿಗೂ ಇತ್ತು. ದಿನ ಮಾತ್ರ ಗೊತ್ತಿರಲಿಲ್ಲ. ಮೈಸೂರಿನಿಂದ ತರಬೇಕಾಗಿದ್ದ ಹೃದ್ರೋಗದ ಮಾತ್ರೆಗಳನ್ನು ನಾವು ವಾಡಿಕೆಯಂತೆ ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದೆವು. ಮದ್ದೂರು, ಮಂಡ್ಯಗಳಿಗೆ ರೈಲಾದರೂ ಉಂಟು. ಮಳವಳ್ಳಿಗೆ ಬಸ್ಸೇ ಗತಿ. ಒಂದು ಹಗಲು, ಒಂದು ರಾತ್ರಿ ಮನೆಯ ಹಿರಿಯರೊಬ್ಬರು ಮಾತ್ರೆಯಿಲ್ಲದೆ ಕಳೆದರು. ನಾವು ಅವರ ಉಸಿರನ್ನು ಕೇಳುತ್ತ ಎಚ್ಚತ್ತಿದ್ದೆವು. ದೇವರ ದಯೆಯಿಂದ ಕೇಡಾಗಲಿಲ್ಲ. ಆದರೆ ತಪ್ಪು ಬಂದಿನದಲ್ಲ, ನಮ್ಮದು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲಸಗಳು ಮೂರು ಬಗೆ. ತಪ್ಪಿದರೆ ಕೂಡಿಬಾರದವು — ಔಷಧ, ಶಾಲೆಯ ಶುಲ್ಕ, ಪರೀಕ್ಷೆಯ ಪ್ರಯಾಣ — ವಾರ ಮುಂಚಿತವಾಗಿಯೇ ಮುಗಿಯತಕ್ಕವು. ನಡುವೆ ನಿಲ್ಲಿಸಿ ಮತ್ತೆ ಹಿಡಿಯಬಹುದಾದವು ಎರಡನೆಯವು. ತಡೆಯುಂಟಾದ ಹೊತ್ತಿಗೆಂದೇ ಮೀಸಲಾದ ಸಣ್ಣ ಕೆಲಸಗಳು ಮೂರನೆಯವು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರವು ನಮ್ಮ ತಾಲ್ಲೂಕಿನದೇ. ಆದರೂ ದೀಪವು ಹೇಳದೆ ಆರುವುದುಂಟು. ಆದ್ದರಿಂದ ಹಿಟ್ಟು ರುಬ್ಬುವುದು, ಮಕ್ಕಳು ಬರೆಯುವುದು ಮೊದಲು. ಅವರೆಕಾಯಿ ಬಿಡಿಸುವುದು, ಮಗ್ಗಿ ಒಪ್ಪಿಸುವುದು ದೀಪ ಆರಿದ ಹೊತ್ತಿಗೆ.

ಇನ್ನೊಂದು ಮಾತು: ದಿನವನ್ನು ಕಂಠಪೂರ್ತಿ ತುಂಬಬಾರದು. ಸ್ವಲ್ಪ ಹೊತ್ತನ್ನು ಬರಿದಾಗಿ ಬಿಟ್ಟರೆ ವಿಘ್ನ ಬಂದಾಗ ಅದಕ್ಕೆ ಎಡೆಯಿರುತ್ತದೆ. ಬಾರದಿದ್ದರೆ ಆ ಹೊತ್ತು ಮನೆಯವರೊಡನೆ ಕುಳಿತು ಮಾತನಾಡಲು ದೊರೆತ ಲಾಭ.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಗಾಳಿಯನ್ನು ಕರೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಅದು ಬೀಸುವ ಮುನ್ನ ಒಕ್ಕಣೆ ಮುಗಿಸಿಟ್ಟವನೇ ತೂರಬಲ್ಲನೆಂಬುದನ್ನು ನಾವು ಮರೆಯಬಾರದು.