ಪುಟ್ಟ ರೈಲಿನ ದೊಡ್ಡ ಉಗ್ರಾಣ

ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ 1932ರಲ್ಲಿ ಮಿಲ್ವಾಕಿ ನಗರದ ಬಿಲ್ ವಾಲ್ಥರ್ಸ್ ಮಾದರಿ ರೈಲಿನ ವ್ಯಾಪಾರಕ್ಕೆ ಇಳಿದರು. ಅನ್ನಕ್ಕೇ ತತ್ವಾರವಿದ್ದ ಕಾಲದಲ್ಲಿ ಇದೆಂಥ ಹುಚ್ಚು ಎನ್ನಬಹುದು. ಅದರಲ್ಲೂ ಅವರು ಮೊದಲು ಮಾರಿದ್ದು ರೈಲನ್ನಲ್ಲ, ಅದರ ಸಿಗ್ನಲ್ಲು ಮತ್ತು ವಿದ್ಯುತ್ ನಿಯಂತ್ರಣದ ಬಿಡಿಭಾಗಗಳನ್ನು. ಮನೆಯ ಅಟ್ಟದಲ್ಲಿ ಹಳಿ ಹಾಸಿ ಮಾಡಿನೋಡಿದ್ದನ್ನು ಅವರು ಲೇಖನಗಳಾಗಿ ಬರೆದಿದ್ದರು. ಓದಿದವರಿಂದ ಪತ್ರಗಳು ಬಂದವು. ಪತ್ರಗಳಿಂದ ಕಂಪನಿ ಹುಟ್ಟಿತು. 24 ಪುಟದ ಕ್ಯಾಟಲಾಗಿಗೆ 15 ಸೆಂಟ್. ಮೊದಲ ವರ್ಷದ ಮಾರಾಟ 500 ಡಾಲರಿಗಿಂತ ತುಸು ಹೆಚ್ಚು.

ಊರೂ ಕೂಡಿಬಂತು. 'ಮಾಡೆಲ್ ರೈಲ್‌ರೋಡರ್' ಪತ್ರಿಕೆ 1934ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಮರುವರ್ಷ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿದ್ದೂ ಇಲ್ಲೇ. ಈ ಸಂಘ ಚಕ್ರ, ಹಳಿಗಳ ಅಳತೆಗೆ ಕಟ್ಟುಪಾಡು ಹಾಕಿತು. ಅದಿಲ್ಲದಿದ್ದರೆ ಒಬ್ಬರ ಬೋಗಿ ಇನ್ನೊಬ್ಬರ ಹಳಿಯ ಮೇಲೆ ಓಡುವ ಖಾತ್ರಿಯಿರಲಿಲ್ಲ. ಹತ್ತಾರು ತಯಾರಕರ ಸರಕನ್ನು ಒಂದೇ ಸೂರಿನಡಿ ತರುವ ವಿತರಕನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

1937ರಲ್ಲಿ ವಾಲ್ಥರ್ಸ್ ಎಚ್‌ಒ ಅಳತೆಗೂ ಬಂದಿತು. ನಿಜದ ರೈಲಿನ 87ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅಮೆರಿಕದ ಉದ್ದನೆಯ ಪ್ರಯಾಣಿಕರ ಬೋಗಿ ಈ ಅಳತೆಗೆ ಇಳಿದಾಗ ಶಾಲೆಯ ಅಡಿಪಟ್ಟಿಯಷ್ಟಾಗುತ್ತದೆ. ಆಗಿನ ಕಿಟ್ ಬಿಚ್ಚಿದರೆ ಬೋಗಿ ಕಾಣುತ್ತಿರಲಿಲ್ಲ. ಚಾವಣಿಯ ಬಾಗಿಗೆ ಕೊರೆದ ಮರದ ಪಟ್ಟಿ, ಕಿಟಕಿಗಳನ್ನು ಒತ್ತಿ ತೆಗೆದ ಲೋಹದ ತಗಡು, ಎರಕದ ಚಿಕ್ಕಪುಟ್ಟ ತುಣುಕುಗಳು. ಅಂಟಿಸುವುದು, ಉಜ್ಜುವುದು, ಬಣ್ಣ ಬಳಿಯುವುದು ಕೊಂಡವನ ಪಾಲು. ಕೊನೆಗೆ ಡೆಕಾಲ್: ನೀರಿನಲ್ಲಿ ನೆನೆಸಿದರೆ ರೈಲ್ವೆ ಕಂಪನಿಯ ಹೆಸರು ಕಾಗದ ಬಿಟ್ಟು ಜಾರುತ್ತದೆ, ಉಸಿರು ಬಿಗಿಹಿಡಿದು ಬೋಗಿಯ ಮೇಲೆ ಕೂರಿಸಬೇಕು. ಮರ, ಎರಕ, ಡೆಕಾಲ್ ಎಲ್ಲವೂ ವಾಲ್ಥರ್ಸ್ ಕಾರ್ಖಾನೆಯದೇ.

ಬಿಲ್ ನಂತರ ಮಗ ಬ್ರೂಸ್, ಆಮೇಲೆ ಮೊಮ್ಮಗ ಫಿಲ್ ಸಂಸ್ಥೆ ನಡೆಸಿದರು. ಬ್ರೂಸ್ ಕಾಲದಲ್ಲಿ ಬೇರೆಯವರ ಸರಕಿನ ವಿತರಣೆಯೂ ಸೇರಿತು. ಕ್ಯಾಟಲಾಗ್ ದಪ್ಪವಾಗುತ್ತಾ ಹೋಯಿತು. ಕೊಳ್ಳುವ ಇರಾದೆ ಇಲ್ಲದವರೂ ಅದನ್ನು ಪುಟ ಬಿಡದೆ ಓದುತ್ತಿದ್ದರೆಂದರೆ ನಂಬುತ್ತೇನೆ. ವಿತರಕನ ಹೆಸರು ಯಾರೂ ನೆನೆಯುವುದಿಲ್ಲ. ಆದರೆ ಮೂಲೆಯ ಊರಿನ ಅಂಗಡಿಯವನು ಒಂದು ಜೊತೆ ಚಕ್ರಕ್ಕಾಗಿ ಒಬ್ಬೊಬ್ಬ ತಯಾರಕನಿಗೂ ಪತ್ರ ಬರೆಯುತ್ತ ಕೂರಬೇಕಿದ್ದರೆ ಅವನ ಅಂಗಡಿ ಎಷ್ಟು ದಿನ ಬಾಳೀತು?

ಸ್ವಂತ ತಯಾರಿಕೆಯನ್ನೂ ಬಿಡಲಿಲ್ಲ. 'ಕಾರ್ನರ್‌ಸ್ಟೋನ್' ಹೆಸರಿನ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಕಾರ್ಖಾನೆ, ಧಾನ್ಯದ ಗೋದಾಮು, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಬಂದವು. ಇದು ಜಾಣ ವ್ಯಾಪಾರ: ಹಳಿ ಹಾಕಿ ಮುಗಿಸಿದವನಿಗೆ ರೈಲು ಎಲ್ಲಿಗೆ ಹೋಗಬೇಕು, ಏನು ಹೊರಬೇಕು ಎಂಬ ಯೋಚನೆ ಹತ್ತದೆ ಇರದು. 2005ರಲ್ಲಿ ಲೈಫ್-ಲೈಕ್ ಕಂಪನಿಯ ರೈಲು ವಿಭಾಗವನ್ನೇ ವಾಲ್ಥರ್ಸ್ ಕೊಂಡಿತು. ಹವ್ಯಾಸಿಗಳು ಮೆಚ್ಚಿದ್ದ 'ಪ್ರೊಟೊ 2000' ಎಂಜಿನ್‌ಗಳೂ ಅದರ ಜೊತೆಗೇ ಬಂದವು.