ಹಸಿರುಮನೆಯ ಪುಟ್ಟ ಕಾವಲುಗಾರರು

1926ರಲ್ಲಿ ಇಂಗ್ಲೆಂಡಿನ ಟೊಮೆಟೊ ಬೆಳೆಗಾರನೊಬ್ಬ ತನ್ನ ಗಾಜಿನ ಮನೆಯಲ್ಲಿ ಒಂದು ವಿಚಿತ್ರ ಕಂಡ. ಎಲೆಗಳಡಿ ಅಂಟಿಕೊಂಡಿದ್ದ ಬಿಳಿ ನೊಣದ ಮರಿಗಳಲ್ಲಿ ಕೆಲವು ಕಪ್ಪಾಗಿದ್ದವು. ಚೆಷಂಟ್ ಸಂಶೋಧನಾ ಕೇಂದ್ರದ ಕೀಟತಜ್ಞ ಸ್ಪೇಯರ್ ಪರೀಕ್ಷಿಸಿದಾಗ ಗುಟ್ಟು ತಿಳಿಯಿತು. ಎನ್‌ಕಾರ್ಸಿಯಾ ಫಾರ್ಮೋಸಾ ಎಂಬ ಕಣಜ ಆ ಮರಿಗಳೊಳಗೆ ಮೊಟ್ಟೆಯಿಟ್ಟಿತ್ತು. ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಈ ಕಣಜವನ್ನು ಸಾಕಿ ಬೆಳೆಗಾರರಿಗೆ ಹಂಚುವ ಕೆಲಸ ಆರಂಭವಾಯಿತು.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿಯಂಥ ಹೊಸ ಕೀಟನಾಶಕಗಳು ಬಂದವು. ಸಿಂಪಡಿಸಿದರೆ ಸಾಕು, ಕೀಟ ಮಾಯ! ಇನ್ನು ಕಣಜ ಯಾರಿಗೆ ಬೇಕು? ಅದರ ಸಾಕಣೆ ನಿಂತಿತು.

ಆದರೆ ಗೆಲುವು ಬಹುಕಾಲ ಉಳಿಯಲಿಲ್ಲ. ಮಳೆ ಗಾಳಿಯ ಕಾಟವಿಲ್ಲದ, ಬೆಚ್ಚಗಿನ ಹಸಿರುಮನೆ ಬೆಳೆಗಷ್ಟೇ ಅಲ್ಲ, ಕೀಟಗಳಿಗೂ ತವರುಮನೆ. ವಿಷಕ್ಕೆ ಸಾಯದೆ ಉಳಿದ ಕೆಲವೇ ಜೀವಿಗಳ ಸಂತಾನ ಬೇಗ ಬೆಳೆಯಿತು. ಸೌತೆ ಗಿಡದ ರಸ ಹೀರುವ ಕೆಂಪು ನುಸಿ ಔಷಧಿಗೆ ಜಗ್ಗದಾಯಿತು. ನುಸಿ ಕೀಟವಲ್ಲ, ಎಂಟು ಕಾಲಿನ, ಜೇಡರ ಬಳಗದ ಜೀವಿ.

ಇದಕ್ಕೆ ಉತ್ತರವಾಗಿ ಒದಗಿದ್ದು ಇನ್ನೊಂದು ನುಸಿ! 1950ರ ದಶಕದಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳಲ್ಲಿ ಸಿಕ್ಕ ಫೈಟೋಸಿಯುಲಸ್ ಎಂಬ ಈ ಬೇಟೆಗಾರ ಕೆಂಪು ನುಸಿಯನ್ನೇ ತಿಂದು ಬದುಕುತ್ತದೆ. ನೆದರ್ಲೆಂಡ್ಸ್‌ನ ಸೌತೆ ಬೆಳೆಗಾರ ಯಾನ್ ಕೊಪರ್ಟ್ 1967ರಲ್ಲಿ ಇದನ್ನು ಬಳಕೆಗೆ ತಂದರು.

ಹಾಗಾದರೆ ಕೀಟನಾಶಕ ಬೇಡವೇ? ಬೇಕು, ಆದರೆ ಅಳತೆಯರಿತು. ಹಲವು ಬಗೆಯ ಕೀಟಗಳನ್ನು ಕೊಲ್ಲುವ ವಿಷ ವೈರಿಯ ಜೊತೆಗೆ ಮಿತ್ರನನ್ನೂ ಕೊಲ್ಲುತ್ತದೆ. ಪೈರೆಥ್ರಾಯ್ಡ್ ಬಗೆಯ ವಿಷ ಎಲೆಯ ಮೇಲೆ ವಾರಗಟ್ಟಲೆ ಉಳಿದು, ಹೊಸದಾಗಿ ಬಿಟ್ಟ ಬೇಟೆಗಾರರನ್ನೂ ಬಲಿ ತೆಗೆದುಕೊಳ್ಳುತ್ತದೆ. ಅದಕ್ಕೇ ಆಯ್ಕೆ ಮುಖ್ಯ. ಕಂಬಳಿಹುಳುಗಳಿಗಾಗಿ ಬಳಸುವ ಬಿಟಿ ಬ್ಯಾಕ್ಟೀರಿಯಾದ ಪುಡಿ ಬೇಟೆಗಾರ ನುಸಿಗೆ ಕೇಡು ಮಾಡದು. ಸಾಬೂನು ದ್ರಾವಣ ಒಣಗಿದ ಮೇಲೆ ನಿರಪಾಯಕಾರಿ. ಕೀಟ ಹೆಚ್ಚಿದ ಗಿಡಗಳಿಗೆ ಮೊದಲು ಅದನ್ನು ಹೊಡೆದು ಸಂಖ್ಯೆ ತಗ್ಗಿಸಿ, ಆಮೇಲೆ ಬೇಟೆಗಾರರನ್ನು ಬಿಡುವುದು ಜಾಣತನ.

ಈ ವಿಧಾನಕ್ಕೆ ತಾಳ್ಮೆ ಬೇಕು. ಬೆಳೆಗಾರ ವಾರವಾರವೂ ಎಲೆ ತಿರುವಿ ನೋಡಬೇಕು. ನಾಲ್ಕಾರು ಕೀಟ ಕಂಡೊಡನೆ ಪಂಪು ಹೆಗಲಿಗೇರಿಸಬಾರದು, ಏಕೆಂದರೆ ಅವು ಕಾವಲುಗಾರರ ಊಟ. ವೈರಿ ಪೂರ್ತಿ ಇಲ್ಲವಾದರೆ ಮಿತ್ರನೂ ಉಪವಾಸ ಸಾಯುತ್ತಾನೆ. ಇಂಗ್ಲೆಂಡಿನ ಆ ಬೆಳೆಗಾರ ಪತ್ತೆ ಮಾಡಿದ್ದೂ ಎಲೆಯ ಕೆಳಗೆ ಬಗ್ಗಿ ನೋಡಿದ್ದರಿಂದಲೇ ಅಲ್ಲವೇ?